ಮೈಸೂರಿನ ಹಣದಲ್ಲಿ ಮೂಡಿದ ಪಿಯಾನೊ ಮುದ್ರಿಕೆಗಳು: ಮೆಡ್ಟ್ನರ್ ಅವರನ್ನು ಕೇಳುವುದು ಹೇಗೆ

ರಷ್ಯಾದ ಪಿಯಾನೊ ವಾದಕ, ವಾಗ್ಗೇಯಕಾರ ನಿಕೊಲಾಯ್ ಮೆಡ್ಟ್ನರ್ 1947ರಲ್ಲಿ ಲಂಡನ್ನಿನಲ್ಲಿ ಎಚ್‌ಎಂವಿ ಕಂಪನಿಗಾಗಿ ತಮ್ಮ ಕೃತಿಗಳನ್ನು ಸಾಲುಸಾಲಾಗಿ ನುಡಿಸಿ ಮುದ್ರಿಸಿದರು. ಆಗ ಅವರಿಗೆ 67 ವರ್ಷ, ಹೃದಯದ ಕಾಯಿಲೆ ಬೇರೆ. ಖರ್ಚು ಹೊತ್ತವರು ಮೈಸೂರಿನ ಮಹಾರಾಜ ಜಯಚಾಮರಾಜೇಂದ್ರ ಒಡೆಯರ್. ಈ ಸಂಗತಿ ಕರ್ನಾಟಕದಲ್ಲಿ ಆಗೀಗ ಅಭಿಮಾನದ ಮಾತಾಗಿ ಬಂದುಹೋಗುತ್ತದೆ. ಆದರೆ ಆ ಗ್ರಾಮಫೋನ್ ತಟ್ಟೆಗಳಲ್ಲಿ ಏನಿದೆ, ಆ ಸಂಗೀತ ನುಡಿಸುವವರ ಬೆವರಿಳಿಸುವುದು ಏಕೆ, ಎಪ್ಪತ್ತು-ಎಂಬತ್ತು ವರ್ಷ ಹಳೆಯ ಸದ್ದಿನೊಳಗಿಂದ ವಾದಕನ ಕೈಯನ್ನು ಹೇಗೆ ಗುರುತಿಸಬೇಕು ಎನ್ನುವುದನ್ನು ಬಿಡಿಸಿ ಹೇಳಿದ್ದು ಕಡಿಮೆ.

ಮೆಡ್ಟ್ನರ್ ಬರೆದ ಸ್ವರಲಿಪಿ ನೋಡುವುದಕ್ಕೆ ಕಗ್ಗಂಟು. ಅವರೇ ನುಡಿಸಿದ್ದನ್ನು ಕೇಳಿದರೆ ಅದೇ ಪುಟ ಸರಾಗವಾದ ಮಾತಿನಂತಿದೆ. ಮುದ್ರಿಕೆಗಳ ನಿಜವಾದ ಬೆಲೆ ಇರುವುದು ಇಲ್ಲಿಯೇ.

ಮೊದಲು ವ್ಯಕ್ತಿಯ ಬಗ್ಗೆ ಸ್ವಲ್ಪ. 1880ರ ಜನವರಿಯಲ್ಲಿ ಮಾಸ್ಕೋದಲ್ಲಿ ಹುಟ್ಟಿದ ಮೆಡ್ಟ್ನರ್ ಅಲ್ಲಿನ ಕನ್ಸರ್ವೇಟರಿಯಲ್ಲಿ (ಸಂಗೀತ ಮಹಾಶಾಲೆ) ಓದಿ 1900ರಲ್ಲಿ ಹೊರಬಂದರು. ಹೆಸರಾಂತ ರಷ್ಯನ್ ವಾಗ್ಗೇಯಕಾರ ರಾಹ್ಮಾನಿನೋವ್ ಇವರಿಗಿಂತ ಏಳು ವರ್ಷ ದೊಡ್ಡವರು, ಜೀವಮಾನದ ಗೆಳೆಯರು. ಮೆಡ್ಟ್ನರ್ ತಮ್ಮ ಎರಡನೆಯ ಕನ್ಚೆರ್ಟೊವನ್ನು (ಪಿಯಾನೊ ಮತ್ತು ವಾದ್ಯವೃಂದದ ಕೃತಿ) ರಾಹ್ಮಾನಿನೋವ್‌ಗೆ ಅರ್ಪಿಸಿದರೆ, ರಾಹ್ಮಾನಿನೋವ್ ತಮ್ಮ ನಾಲ್ಕನೆಯದನ್ನು ಮೆಡ್ಟ್ನರ್‌ಗೆ ಅರ್ಪಿಸಿದರು. 1921ರಲ್ಲಿ ರಷ್ಯಾ ಬಿಟ್ಟ ಮೆಡ್ಟ್ನರ್ ಜರ್ಮನಿ, ಫ್ರಾನ್ಸ್ ಸುತ್ತಿ 1935ರಲ್ಲಿ ಲಂಡನ್ನಿನ ಗೋಲ್ಡರ್ಸ್ ಗ್ರೀನ್‌ನಲ್ಲಿ ನೆಲೆ ನಿಂತರು. 14 ಪಿಯಾನೊ ಸೊನಾಟಾಗಳು (ಪಿಯಾನೊ ಒಂದಕ್ಕೇ ಬರೆದ ದೀರ್ಘ ಕೃತಿಗಳು), 'ಸ್ಕಾಜ್ಕಿ' ಎಂದು ಅವರು ಕರೆದ ಸುಮಾರು ನಲವತ್ತು ಕಿರು ಕಥನಗಳು, ಮೂರು ಕನ್ಚೆರ್ಟೊಗಳು, ನೂರಕ್ಕೂ ಮಿಕ್ಕಿ ಹಾಡುಗಳು ಅವರ ಗಳಿಕೆ. ಪಿಯಾನೊ ಇಲ್ಲದ ಕೃತಿಯನ್ನು ಅವರು ಹೆಚ್ಚುಕಡಿಮೆ ಬರೆದೇ ಇಲ್ಲ. ಸುತ್ತಲಿನ ಸಂಗೀತ ಬೇರೆ ದಾರಿ ಹಿಡಿದಿದ್ದರೂ ಹತ್ತೊಂಬತ್ತನೆಯ ಶತಮಾನದ ರೊಮ್ಯಾಂಟಿಕ್ ಸ್ವರಸಂಯೋಜನೆಯನ್ನು ಅವರು ಕೈಬಿಡಲಿಲ್ಲ. ಹಾಗಾಗಿ ಕೇಳುಗರೂ ಕಡಿಮೆ, ಸಂಪಾದನೆಯೂ ಕಡಿಮೆ.

ಇನ್ನು ಮೈಸೂರು. ಜಯಚಾಮರಾಜೇಂದ್ರರು 1940ರಲ್ಲಿ 21ನೇ ವಯಸ್ಸಿಗೇ ಪಟ್ಟಕ್ಕೆ ಬಂದವರು. ಪಾಶ್ಚಾತ್ಯ ಪಿಯಾನೊವನ್ನು ಶಿಸ್ತಾಗಿ ಕಲಿತಿದ್ದರು. ಲಂಡನ್ನಿನ ಗಿಲ್ಡ್‌ಹಾಲ್ ಸಂಗೀತ ಶಾಲೆಯ ಲೈಸೆನ್ಶಿಯೇಟ್, ಟ್ರಿನಿಟಿ ಕಾಲೇಜಿನ ಗೌರವ ಫೆಲೋ. 'ಶ್ರೀವಿದ್ಯಾ' ಅಂಕಿತದ ಅವರ ಕರ್ನಾಟಕ ಸಂಗೀತದ ಕೃತಿಗಳು ನಮಗೆ ಗೊತ್ತು. ಅದೇ ಕಿವಿ ಮೆಡ್ಟ್ನರ್ ಅವರನ್ನೂ ಹಿಡಿದುಕೊಂಡಿತು ಎನ್ನುವುದು ನನಗೆ ದೊಡ್ಡ ವಿಷಯ. ಮೆಡ್ಟ್ನರ್ ಸೊಸೈಟಿ ಎಂಬ ಹೆಸರಿನಲ್ಲಿ ಈ ಮುದ್ರಿಕೆಗಳು ಬಂದವು. ಕೃತಜ್ಞತೆಯಿಂದ ಮೆಡ್ಟ್ನರ್ ತಮ್ಮ ಮೂರನೆಯ ಕನ್ಚೆರ್ಟೊವನ್ನು ಮಹಾರಾಜರಿಗೆ ಅರ್ಪಿಸಿದರು. ಮಹಾರಾಜರ ನೆರವು ಇಷ್ಟಕ್ಕೇ ನಿಲ್ಲಲಿಲ್ಲ. ಲಂಡನ್ನಿನ ಫಿಲ್ಹಾರ್ಮೋನಿಯಾ ಕನ್ಸರ್ಟ್ ಸೊಸೈಟಿಯ ಮೊದಲ ಅಧ್ಯಕ್ಷರು ಅವರೇ. 1950ರ ಮೇ 22ರಂದು ಜರ್ಮನ್ ವಾಗ್ಗೇಯಕಾರ ರಿಚರ್ಡ್ ಸ್ಟ್ರೌಸ್ ಅವರ ಕೊನೆಯ ನಾಲ್ಕು ಹಾಡುಗಳು ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ಮೊದಲ ಬಾರಿ ಕೇಳಿಬಂದದ್ದಕ್ಕೂ ಅವರ ಹಣದ ಭರವಸೆ ಬೆನ್ನಿಗಿತ್ತು.

ಕಷ್ಟ ಇರುವುದು ಎಲ್ಲಿ

ಕಠಿಣ ಪಿಯಾನೊ ಕೃತಿ ಎಂದರೆ ಬೆರಳು ಕಾಣದಷ್ಟು ವೇಗ ಎಂಬ ಎಣಿಕೆ ಸಾಮಾನ್ಯ. ಹತ್ತೊಂಬತ್ತನೆಯ ಶತಮಾನದ ಪಿಯಾನೊ ವಾದಕ ಫ್ರಾನ್ಜ್ ಲಿಸ್ಟ್ ಬರೆದ ಎಷ್ಟೋ ಪುಟಗಳಿಗೆ ಅದು ಹೊಂದುತ್ತದೆ. ಅಲ್ಲಿ ಕಷ್ಟವೇ ಪ್ರದರ್ಶನ, ಸಭಿಕರಿಗೆ ಅದು ಕಣ್ಣಿಗೂ ಕಾಣುತ್ತದೆ. ಮೆಡ್ಟ್ನರ್ ಸಂಗೀತದಲ್ಲಿ ಅಷ್ಟೇ ಬೆವರು ಹರಿದರೂ ಹೊರಗೆ ಅದರ ಸುಳಿವಿಲ್ಲ. ದೊಡ್ಡ ಹಾರಿಕೆಗಳು ಕಡಿಮೆ. ಎರಡೂ ಕೈ ಪಿಯಾನೊದ ನಡುಭಾಗದಲ್ಲಿ ಒತ್ತೊತ್ತಾಗಿ ಕೂತು ಎರಡು, ಮೂರು, ಕೆಲವೊಮ್ಮೆ ನಾಲ್ಕು ರಾಗದ ಎಳೆಗಳನ್ನು ಒಟ್ಟಿಗೆ ನಡೆಸಬೇಕು. ಎಳೆಗಳು ಒಂದರೊಳಗೊಂದು ಕರಗಿದರೆ ಕೃತಿಯೇ ಕಾಣೆಯಾಗುತ್ತದೆ.

ಇದು ಏಕೆ ಇಷ್ಟು ಕಷ್ಟ ಎನ್ನುವುದಕ್ಕೆ ವಾದ್ಯದ ರಚನೆ ನೋಡಬೇಕು. ಪಿಯಾನೊದಲ್ಲಿ ಕೀ ಒತ್ತಿದಾಗ ಸುತ್ತಿಗೆ ಚಿಮ್ಮಿ ತಂತಿಗೆ ಬಡಿದು ವಾಪಸು ಬೀಳುತ್ತದೆ. ಬಡಿದ ಮೇಲೆ ಆ ಸ್ವರ ಇಳಿಯುತ್ತಲೇ ಹೋಗಬೇಕೇ ಹೊರತು ಏರಿಸಲು ಬರುವುದಿಲ್ಲ. ವೀಣೆಯಂತೆ ಮೀಟಿದ ಮೇಲೆ ತಂತಿ ಎಳೆಯುವಂತಿಲ್ಲ. ವಾದಕನ ಕೈಯಲ್ಲಿರುವುದು ಮೂರೇ: ಸುತ್ತಿಗೆಯ ವೇಗ, ಬಡಿಯುವ ಕ್ಷಣ, ಬೆರಳು ಅಥವಾ ಕಾಲಿನಡಿಯ ಪೆಡಲಿನಿಂದ ಸ್ವರವನ್ನು ನಿಲ್ಲಿಸುವ ಕ್ಷಣ. ಮಂದ್ರದ ದಪ್ಪ ತಂತಿಗಳು ತುಂಬಾ ಹೊತ್ತು ಮೊಳಗುತ್ತವೆ, ತಾರಸ್ಥಾಯಿಯವು ಬೇಗ ಆರುತ್ತವೆ. ಮುಖ್ಯ ರಾಗ ನಡುವಿನ ಸ್ಥಾಯಿಯಲ್ಲಿದ್ದು ಕೆಳಗೆ ಎಡಗೈ ಗಿಜಿಗುಡುತ್ತಿದ್ದರೆ, ಏನೂ ಮಾಡದೆ ಬಿಟ್ಟಾಗ ಕೇಳುವುದು ಎಡಗೈಯ ಮೊಳಗು ಮಾತ್ರ.

ಇದಕ್ಕೆ ಪಿಯಾನೊ ಶಿಕ್ಷಕರು ಮಾಡಿಸುವ ಒಂದು ಅಭ್ಯಾಸವಿದೆ. ರಾಗದ ಸ್ವರಗಳನ್ನು ಪೂರ್ಣ ದನಿಯಲ್ಲಿ ನುಡಿಸಬೇಕು. ಅದೇ ಕೈಯ ಉಳಿದ ಸ್ವರಗಳ ಕೀಗಳನ್ನು ಮುಟ್ಟಿ ಅರ್ಧ ಇಳಿಸಬೇಕು, ಸದ್ದು ಬರಬಾರದು. ಹೆಬ್ಬೆರಳು ರಾಗ ಹೊತ್ತಾಗ ಇದು ತುಂಬಾ ತ್ರಾಸ, ಏಕೆಂದರೆ ಬೆರಳುಗಳಲ್ಲಿ ಅದೇ ಭಾರಿ, ಅದೇ ಒರಟು. ಸದ್ದಿಲ್ಲದ ಬೆರಳುಗಳು ಹತೋಟಿಗೆ ಬಂದ ಮೇಲೆ ಅವುಗಳಿಗೆ ಮೆಲ್ಲನೆ ದನಿ ಕೊಡುತ್ತಾ ಹೋಗಬೇಕು. ಇಲ್ಲಿ ಸಾಮಾನ್ಯವಾಗಿ ಕೆಡುವುದು ಪೆಡಲಿನಿಂದ. ರಾಗ ಮುರಿಯಬಾರದೆಂದು ಪೆಡಲನ್ನು ಉದ್ದಕ್ಕೆ ಒತ್ತಿ ಹಿಡಿದರೆ ಹಿಂದಿನ ಸ್ವರಗಳೆಲ್ಲ ಮೇಲೆ ಬಂದು ಕೂರುತ್ತವೆ. ಮೆಡ್ಟ್ನರ್ ಪುಟಗಳಲ್ಲಿ ರಾಗದ ಜೋಡಣೆ ಆದಷ್ಟೂ ಬೆರಳಿನಿಂದಲೇ ಆಗಬೇಕು. ಪೆಡಲ್ ಬಣ್ಣಕ್ಕೆ ಮಾತ್ರ.

ಎರಡು ನಡೆ ಒಟ್ಟಿಗೆ

ಎಳೆಗಳ ಜೊತೆ ಲಯದ ಕಷ್ಟವೂ ಸೇರಿಕೊಳ್ಳುತ್ತದೆ. ಒಂದು ಕೈ ತಿಶ್ರದಲ್ಲಿ (ಮೂರರ ನಡೆ), ಇನ್ನೊಂದು ಚತುರಶ್ರದಲ್ಲಿ (ನಾಲ್ಕರ ನಡೆ) ನಡೆಯುವುದು ಮೆಡ್ಟ್ನರ್ ಸಂಗೀತದಲ್ಲಿ ದಿನನಿತ್ಯದ ಮಾತು. ಕರ್ನಾಟಕ ಸಂಗೀತ ಕೇಳುವವರಿಗೆ ಗತಿಭೇದ ಹೊಸದಲ್ಲ, ಆದರೆ ಇಲ್ಲಿ ಎರಡೂ ಗತಿಗಳನ್ನು ಒಬ್ಬನೇ ಒಟ್ಟಿಗೆ ಹೊರಬೇಕು. ಅದರಲ್ಲೂ ಒಂದು ಗತಿ ಹಾಡಬೇಕು, ಇನ್ನೊಂದು ಹಿಂದೆ ನಿಲ್ಲಬೇಕು.

ಲೆಕ್ಕ ಹೀಗೆ. ಬಲಗೈಗೆ ನಾಲ್ಕು, ಎಡಗೈಗೆ ಮೂರು ಸ್ವರ ಎಂದಿಟ್ಟುಕೊಳ್ಳಿ. ಒಂದು ಸುತ್ತನ್ನು 12 ಪುಟ್ಟ ಮಾತ್ರೆಗಳಾಗಿ ಒಡೆಯಿರಿ. ಬಲಗೈ ಬೀಳುವುದು 1, 4, 7, 10ರ ಮೇಲೆ. ಎಡಗೈ 1, 5, 9ರ ಮೇಲೆ. ಎರಡೂ ಕೈ ಸೇರುವುದು 1ರಲ್ಲಿ ಮಾತ್ರ. ಬಲಗೈಯ ಎರಡನೇ ಸ್ವರ 4ರಲ್ಲಿ, ಎಡಗೈಯ ಎರಡನೇ ಸ್ವರ 5ರಲ್ಲಿ. ಸುತ್ತು ಒಂದು ಸೆಕೆಂಡಿನದಾದರೆ ಈ ಎರಡರ ನಡುವೆ ಇರುವುದು ಸೆಕೆಂಡಿನ ಹನ್ನೆರಡನೇ ಒಂದು ಭಾಗ. ಕಲಿಯುವವರು ಎಡವುವುದು ಇಲ್ಲೇ. 4 ಮತ್ತು 5 ಹತ್ತಿರ ಹತ್ತಿರ ಇರುವುದರಿಂದ ಎರಡನ್ನೂ ಒಟ್ಟಿಗೆ ಬಡಿದುಬಿಡುತ್ತಾರೆ. 9 ಮತ್ತು 10ರಲ್ಲೂ ಅದೇ ಕಥೆ. ಆಗ ಎರಡು ನಡೆ ಹೋಗಿ ಒಂದು ಕುಂಟು ನಡೆ ಉಳಿಯುತ್ತದೆ.

ಹನ್ನೆರಡರ ಲೆಕ್ಕ ಜಾಗ ಗುರುತಿಸಲು ಮಾತ್ರ. ಅದನ್ನೇ ಎಣಿಸುತ್ತಾ ನುಡಿಸಿದರೆ ಸಂಗೀತ ಎಂದೂ ಹುಟ್ಟುವುದಿಲ್ಲ. ತಾಳದ ಏಟು ಹಾಕುವ ಯಂತ್ರ ಮೆಟ್ರೊನೋಮನ್ನು ನಿಮಿಷಕ್ಕೆ 40ಕ್ಕೆ ಇಟ್ಟು, ಒಂದು ಸುತ್ತಿಗೆ ಒಂದೇ ಏಟು ಬರುವಂತೆ ಮಾಡಿ, ಮೊದಲು ಎಡಗೈ ಒಂದನ್ನೇ ಸಮವಾಗಿ ಕೂರಿಸಬೇಕು. ಆಮೇಲೆ ಬಲಗೈ ಒಂದನ್ನೇ. ನಿಲ್ಲಿಸದೆ ಒಂದರಿಂದ ಇನ್ನೊಂದಕ್ಕೆ ದಾಟುವುದು ಸಲೀಸಾದ ಮೇಲೆ ಎರಡನ್ನೂ ಸೇರಿಸಬೇಕು. ಸೇರಿಸಿದಾಗ ಗಮನ ರಾಗದ ಕೈ ಮೇಲಿರಲಿ, ಇನ್ನೊಂದು ತನ್ನಷ್ಟಕ್ಕೆ ಓಡಲಿ. ಇದಾದ ಮೇಲೂ ಒಂದು ತೊಡಕು ಉಳಿಯುತ್ತದೆ: ಮೆಡ್ಟ್ನರ್ ಪದಗುಚ್ಛದ ಒತ್ತನ್ನು ತಾಳದ ಗೆರೆ ದಾಟಿಸಿ ಇಡುತ್ತಾರೆ. ಬರಹದಲ್ಲಿ ಸಮ ಇರುವ ಕಡೆ ಕಿವಿಗೆ ಸಮ ಬೀಳುವುದಿಲ್ಲ. ಗೆರೆ ನೋಡಿಕೊಂಡು ಒತ್ತು ಕೊಡುವ ವಾದಕನ ಕೈಯಲ್ಲಿ ವಾಕ್ಯ ತುಂಡುತುಂಡಾಗುತ್ತದೆ.

ಅವರ ಸ್ವಂತ ಮುದ್ರಿಕೆಗಳಲ್ಲಿ ಮೊದಲು ಎದ್ದು ಕಾಣುವುದು ಇದಕ್ಕೆ ಅವರು ಕಂಡುಕೊಂಡ ಉತ್ತರ. ಲಯ ಮುಂದಕ್ಕೆ ಸಾಗುತ್ತಲೇ ಇರುತ್ತದೆ. ಭಾವಕ್ಕಾಗಿ ಅಲ್ಲಲ್ಲಿ ನಿಂತು ನಿಟ್ಟುಸಿರು ಬಿಡುವ ಚಾಳಿ ಇಲ್ಲ. ದನಿ ತೆಳು, ಒಣಗಿದ್ದಲ್ಲ. ಒಳಗಿನ ಎಳೆ ಬೇಕಾದಾಗ ಮೇಲೆದ್ದು ಕೆಲಸ ಮುಗಿದೊಡನೆ ಹಿಂದೆ ಸರಿಯುತ್ತದೆ. ಅಂದಿನ ಮುದ್ರಣ ಮೊನೊ, ಅಂದರೆ ಎಡ-ಬಲದ ಬೇರ್ಪಾಡು ಇಲ್ಲ. ಹಾಗಾಗಿ ನಮಗೆ ಎಳೆಗಳು ಬೇರೆಬೇರೆಯಾಗಿ ಕೇಳುತ್ತಿದ್ದರೆ ಅದು ಬೆರಳಿನ ಕೆಲಸವೇ. ಯಂತ್ರ ಅದಕ್ಕೆ ಏನೂ ನೆರವಾಗಿಲ್ಲ.

ಮೇಣ, ಅರಗು ಮತ್ತು ನಾಲ್ಕು ನಿಮಿಷ

ವಾದಕನ ಗುಣದೋಷವನ್ನು ತಟ್ಟೆಯ ಗುಣದೋಷದಿಂದ ಬೇರೆ ಮಾಡದೆ ಈ ಮುದ್ರಿಕೆಗಳ ಬಗ್ಗೆ ತೀರ್ಪು ಕೊಡುವುದು ಅನ್ಯಾಯ.

ಆಗ ಸ್ಟುಡಿಯೋದಲ್ಲಿ ಸದ್ದನ್ನು ನೇರವಾಗಿ ಮೇಣದ ತಟ್ಟೆಯಲ್ಲಿ ಕೊರೆಯುತ್ತಿದ್ದರು. ಟೇಪ್ ಬಂದದ್ದು ಕೊಂಚ ತಡವಾಗಿ. 12 ಇಂಚಿನ, ನಿಮಿಷಕ್ಕೆ 78 ಸುತ್ತು (ಆರ್‌ಪಿಎಂ) ತಿರುಗುವ ತಟ್ಟೆಯ ಒಂದು ಬದಿಯಲ್ಲಿ ಹಿಡಿಯುವುದು ನಾಲ್ಕರಿಂದ ನಾಲ್ಕೂವರೆ ನಿಮಿಷ. ಇಪ್ಪತ್ತು ನಿಮಿಷದ ಸೊನಾಟಾಕ್ಕೆ ಐದಾರು ಬದಿ ಬೇಕು. ವಾದಕ ಪ್ರತಿ ಬದಿಯ ಕೊನೆಗೆ ನಿಲ್ಲಿಸಿ, ಹೊಸ ಮೇಣ ಇಟ್ಟ ಮೇಲೆ ಅದೇ ಕಾವಿನಲ್ಲಿ, ಅದೇ ಗತಿಯಲ್ಲಿ ಎತ್ತಿಕೊಳ್ಳಬೇಕು. ನಾಲ್ಕನೇ ನಿಮಿಷದಲ್ಲಿ ಒಂದು ಸ್ವರ ತಪ್ಪಿದರೆ ಅದೊಂದನ್ನೇ ಕತ್ತರಿಸಿ ಹೊಸದನ್ನು ಅಂಟಿಸುವಂತಿಲ್ಲ, ಇಡೀ ಬದಿಯನ್ನು ಮತ್ತೆ ನುಡಿಸಬೇಕು. ಕೊರೆದ ಮೇಣವನ್ನು ಹಾಕಿ ಕೇಳಿದರೆ ಅದು ಹಾಳಾಗುವುದರಿಂದ, ಚೆನ್ನಾಗಿ ಬಂದಿದೆ ಅನ್ನಿಸಿದ್ದನ್ನು ಕೂಡಲೇ ಕೇಳಿ ಖಾತ್ರಿ ಮಾಡಿಕೊಳ್ಳಲೂ ಆಗದು. ಇಂದಿನ ಸ್ಟುಡಿಯೋದಲ್ಲಿ ಒಂದೇ ಕೃತಿಯನ್ನು ಹತ್ತಾರು ತುಣುಕುಗಳಿಂದ ಜೋಡಿಸಬಹುದು. ಹಾಗೆ ಜೋಡಿಸಿದ ಸಿಡಿಯ ಪಕ್ಕದಲ್ಲಿ ಇಟ್ಟು 1947ರ ಒಂದು ತಪ್ಪು ಸ್ವರವನ್ನು ಎತ್ತಿ ತೋರಿಸುವುದರಲ್ಲಿ ಅರ್ಥವಿಲ್ಲ.

ತಟ್ಟೆ ಒಂದೇ ವೇಗದಲ್ಲಿ ತಿರುಗಿದರೂ ಮುಳ್ಳಿನ ಕೆಳಗೆ ಹಾಯುವ ಗೆರೆಯ ಉದ್ದ ಒಂದೇ ಅಲ್ಲ. ಹೊರ ಅಂಚಿನಲ್ಲಿ ಸೆಕೆಂಡಿಗೆ ಸುಮಾರು 120 ಸೆಂಟಿಮೀಟರ್ ಗೆರೆ ಹಾದರೆ, ಒಳಗೆ ಲೇಬಲ್ ಹತ್ತಿರ ಅದರ ಅರ್ಧಕ್ಕಿಂತ ಕಡಿಮೆ. ಅಷ್ಟೇ ಸದ್ದನ್ನು ಕಡಿಮೆ ಜಾಗದಲ್ಲಿ ತುರುಕಬೇಕಾಗುವುದರಿಂದ ಮೇಲಿನ ಸೂಕ್ಷ್ಮ ನಾದಗಳು ಮಸುಕಾಗುತ್ತವೆ. ಬದಿಯ ಶುರುವಿನಲ್ಲಿ ಪಿಯಾನೊ ಹೊಳಪಾಗಿದ್ದು, ಮೂರು-ನಾಲ್ಕು ನಿಮಿಷದಲ್ಲಿ ಮಂಕಾಗಿ, ಮುಂದಿನ ಬದಿಗೆ ದಿಢೀರನೆ ಮತ್ತೆ ಹೊಳೆದರೆ ಅದು ಗೆರೆಯ ಕಾರಣ. ವಾದಕ ಬಣ್ಣ ಬದಲಿಸಿದರು ಎಂದುಕೊಳ್ಳಬೇಡಿ.

ಮೇಣದಿಂದ ಅಚ್ಚು ತೆಗೆದು ಮಾರಾಟಕ್ಕೆ ಒತ್ತಿದ ಅರಗಿನ ತಟ್ಟೆಯ ಸರಸರ ಸದ್ದು ತುಂಬಾ ಮೆಲ್ಲಗೆ ನುಡಿಸಿದ್ದನ್ನು ಮುಳುಗಿಸುತ್ತದೆ. ತುಂಬಾ ಜೋರಾದರೆ ಗೆರೆಗಳು ಒಂದಕ್ಕೊಂದು ತಾಗುವ ಅಪಾಯ. ಹಾಗಾಗಿ ಮೆಲುದನಿಯನ್ನು ಏರಿಸಿ, ಜೋರನ್ನು ತಗ್ಗಿಸಿ ಕೊರೆಯುವುದು ಆಗಿನ ರೂಢಿ. ಸ್ಟುಡಿಯೋದಲ್ಲಿ ಇದ್ದ ಏರಿಳಿತ ಇದಕ್ಕಿಂತ ಹೆಚ್ಚೇ ಇದ್ದಿರಬೇಕು ಎಂಬ ಲೆಕ್ಕದಲ್ಲಿ ಕೇಳಿ.

ಅಂತರಜಾಲದಲ್ಲಿ ಸಿಗುವ ಪ್ರತಿಗಳಲ್ಲಿ ಎರಡು ದೋಷ ಪದೇ ಪದೇ ಕಾಣುತ್ತವೆ. ಮೊದಲನೆಯದು ವೇಗ. ತಟ್ಟೆಯನ್ನು ಶೇ. 1ರಷ್ಟು ವೇಗವಾಗಿ ತಿರುಗಿಸಿದರೆ ಶ್ರುತಿ ಅರ್ಧಸ್ವರದ ಆರನೇ ಒಂದು ಭಾಗದಷ್ಟು ಏರುತ್ತದೆ. ಶೇ. 6 ತಪ್ಪಿದರೆ ಪೂರ್ತಿ ಅರ್ಧಸ್ವರವೇ ಏರುಪೇರು, ಜೊತೆಗೆ ಇಡೀ ನುಡಿಸಾಣಿಕೆ ಅವಸರದ್ದೋ ಆಲಸ್ಯದ್ದೋ ಎನ್ನಿಸುತ್ತದೆ. ಫೋನಿನ ಟ್ಯೂನರ್ ಆಪ್ ಹಿಡಿದು ನೋಡಿದರೆ ಗೊತ್ತಾಗುತ್ತದೆ. ಮೆಡ್ಟ್ನರ್ ಅವರ 'ಸೊನಾಟಾ ಟ್ರಾಜಿಕಾ' ಸಿ ಮೈನರ್‌ನಲ್ಲಿದೆ. ಅದರ ಆಧಾರಸ್ವರ ಸಿ ಬದಲು ಅದಕ್ಕಿಂತ ಅರ್ಧಸ್ವರ ಕೆಳಗಿನ ಬಿ ಕಡೆ ವಾಲಿದ್ದರೆ ಆ ಪ್ರತಿ ನಿಧಾನವಾಗಿ ಓಡುತ್ತಿದೆ. ಎರಡನೆಯದು ಸರಸರ ಸದ್ದನ್ನು ಅಳಿಸುವ ಅತಿಯಾದ ಉತ್ಸಾಹ. ಸುತ್ತಿಗೆ ತಂತಿಗೆ ಬಡಿದ ಮೊದಲ ಕ್ಷಣದ ಚುರುಕು ಇರುವುದು ಮೇಲಿನ ಕಂಪನಗಳಲ್ಲಿ, ಸರಸರ ಸದ್ದಿರುವುದೂ ಅಲ್ಲೇ. ಒಂದನ್ನು ಪೂರ್ತಿ ಒರೆಸಿದರೆ ಇನ್ನೊಂದೂ ಹೋಗುತ್ತದೆ, ಎಳೆಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಸ್ವಲ್ಪ ಗಲಾಟೆ ಉಳಿಸಿಕೊಂಡ ಪ್ರತಿಯೇ ಮೇಲು, ಹತ್ತು ನಿಮಿಷದಲ್ಲಿ ಕಿವಿ ಆ ಸದ್ದನ್ನು ತಾನೇ ಬದಿಗಿಡುತ್ತದೆ. ಸಿಡಿ ರೂಪದಲ್ಲಿ ಎಪಿಆರ್ ಮತ್ತು ಟೆಸ್ಟಮೆಂಟ್ ಎಂಬ ಲೇಬಲ್‌ಗಳು ಇವುಗಳನ್ನು ಮರುಮುದ್ರಿಸಿವೆ. ಹುಡುಕುವವರು ಅಲ್ಲಿಂದ ಶುರು ಮಾಡಬಹುದು.

ಯಾವುದನ್ನು ಮೊದಲು ಕೇಳುವುದು

ಓಪಸ್ (ಕೃತಿಗಳ ಕ್ರಮಸಂಖ್ಯೆ) 20ರ ಮೊದಲ ಸ್ಕಾಜ್ಕಾ, ಬಿ ಫ್ಲಾಟ್ ಮೈನರ್‌ನಲ್ಲಿರುವುದು, ಬಾಗಿಲಿದ್ದಂತೆ. ಮೂರು ನಿಮಿಷದ ಆಸುಪಾಸು. ರಾಗ ಒಂದೇ ಕೇಳಿಗೆ ಮನಸ್ಸಿಗೆ ಹತ್ತುತ್ತದೆ.

ನಂತರ ಓಪಸ್ 34, ಸಂಖ್ಯೆ 2, ಇ ಮೈನರ್. ಇದನ್ನು ಹತ್ತಿರದಿಂದ ನೋಡಬೇಕು. ಎಡಗೈ ಮೊದಲಿಂದ ಕೊನೆತನಕ ಹರಿಯುತ್ತಲೇ ಇರುತ್ತದೆ, ಬಲಗೈ ಅದರ ಮೇಲೆ ಉದ್ದುದ್ದದ ಸ್ವರಗಳ ಸರಳ ರಾಗ ಹಾಡುತ್ತದೆ. ಪುಟ ನೋಡಿದವರು ಎಡಗೈಯೇ ಕಷ್ಟ ಎನ್ನುತ್ತಾರೆ. ಅದು ಅರ್ಧ ಸತ್ಯ. ಎಡಗೈಯ ಹರಿವು ಬೆರಳಿನ ಅಭ್ಯಾಸದಿಂದ ಬರುತ್ತದೆ. ಬಲಗೈಯ ಪ್ರತಿ ಉದ್ದ ಸ್ವರವೋ ಬಡಿದ ಕ್ಷಣದಿಂದ ಆರುತ್ತಿರುತ್ತದೆ. ಮುಂದಿನ ಸ್ವರವನ್ನು ಮೊದಲಿನ ಗಟ್ಟಿತನದಲ್ಲೇ ಬಡಿದರೆ ರಾಗ ಬಿಡಿ ಏಟುಗಳ ಸಾಲಾಗುತ್ತದೆ. ಹಿಂದಿನ ಸ್ವರ ಆರಿ ಎಲ್ಲಿಗೆ ಬಂದಿದೆಯೋ ಕೇಳಿಸಿಕೊಂಡು, ಅಲ್ಲಿಂದ ಮುಂದಿನದನ್ನು ಎತ್ತಿಕೊಂಡರೆ ಮಾತ್ರ ಅದು ಒಂದೇ ಉಸಿರಿನ ಹಾಡಾಗುತ್ತದೆ. ಎಡಗೈ ಇಷ್ಟೊಂದು ಸ್ವರ ಸುರಿಯುವಾಗ ಹಾಗೆ ಕೇಳಿಸಿಕೊಳ್ಳುವುದೇ ದೊಡ್ಡ ಕೆಲಸ. ಮೆಡ್ಟ್ನರ್ ನುಡಿಸಿದ್ದನ್ನು ಕೇಳುವಾಗ ಒಮ್ಮೆ ಬಲಗೈಯನ್ನಷ್ಟೇ ಹಿಂಬಾಲಿಸಿ, ಇನ್ನೊಮ್ಮೆ ಎಡಗೈಯನ್ನಷ್ಟೇ. ಎರಡನೇ ಸಲ ಎಡಗೈಯಲ್ಲೂ ಒಂದು ರಾಗದ ನಡಿಗೆ ಇರುವುದು ಕಿವಿಗೆ ಬೀಳುತ್ತದೆ.

ಆಮೇಲೆ 'ಸೊನಾಟಾ ಟ್ರಾಜಿಕಾ', ಓಪಸ್ 39, ಸಂಖ್ಯೆ 5. ಹತ್ತು ನಿಮಿಷದ ಆಸುಪಾಸಿನ ಒಂದೇ ಭಾಗ (ಮೂವ್‌ಮೆಂಟ್). ಅದೇ ಓಪಸ್ಸಿನ ಹಿಂದಿನ ತುಣುಕು 'ಕನ್ಸೋನಾ ಮತ್ತಿನಾಟಾ'ವನ್ನು ಮೊದಲು ನುಡಿಸಿಯೇ ಇದಕ್ಕೆ ಬರಬೇಕು ಎಂದು ಮೆಡ್ಟ್ನರ್ ಬಯಸಿದ್ದರು. ಮುಂಜಾವಿನ ಆ ಹಾಡಿನ ರಾಗ ಸೊನಾಟಾದ ನಡುವೆ ಮತ್ತೆ ಬರುತ್ತದೆ. ಮೊದಲ ತುಣುಕು ಕೇಳದವರಿಗೆ ಅದು ಹೊಸ ರಾಗ, ಕೇಳಿದವರಿಗೆ ನೆನಪು. 'ಸೊನಾಟಾ-ಬಲ್ಲಾಡಾ', ಓಪಸ್ 27, ಕೊನೆಗಿರಲಿ. ಎಫ್ ಶಾರ್ಪ್ ಮೇಜರ್‌ನ ತೂಗುವ ಲಯದಲ್ಲಿ ಹಗುರಾಗಿ ಶುರುವಾಗಿ ಭಾರಿ ಅಂತ್ಯಕ್ಕೆ ಹೋಗುವ ಇದನ್ನು ಬದಿ ಬದಿಯಾಗಿ ತುಂಡರಿಸಿ ನುಡಿಸಿಯೂ ಒಂದೇ ಕಟ್ಟಾಗಿ ಹಿಡಿದಿಟ್ಟದ್ದು, ನನ್ನ ಲೆಕ್ಕದಲ್ಲಿ, ಈ ಇಡೀ ಸಂಗ್ರಹದ ದೊಡ್ಡ ಸಾಧನೆ.

ಎಲ್ಲವನ್ನೂ ಮುದ್ರಿಸುವ ಆಸೆ ಈಡೇರಲಿಲ್ಲ. 1951ರ ನವೆಂಬರ್ 13ರಂದು ಮೆಡ್ಟ್ನರ್ ತೀರಿಕೊಂಡರು. 14 ಸೊನಾಟಾಗಳಲ್ಲಿ ಹೆಚ್ಚಿನವು ಅವರ ಕೈಯಲ್ಲಿ ನಮಗೆ ಸಿಕ್ಕಿಲ್ಲ. 'ಸೊನಾಟಾ ರೆಮಿನಿಸ್ಚೆನ್ಸಾ'ಕ್ಕೆ ಪಿಯಾನೊ ವಾದಕ ಎಮಿಲ್ ಗಿಲೆಲ್ಸ್ ನುಡಿಸಿದ್ದನ್ನು ಹುಡುಕಿ. ಸೊನಾಟಾಗಳು ಒಟ್ಟಾಗಿ ಬೇಕೆಂದರೆ ಕೆನಡಾದ ಮಾರ್ಕ್-ಆಂಡ್ರೆ ಹಾಮೆಲಿನ್ ಹೈಪೀರಿಯನ್ ಲೇಬಲ್ಲಿಗೆ ಮಾಡಿದ ನಾಲ್ಕು ಸಿಡಿಗಳಿವೆ. ಮೂರೂ ಕನ್ಚೆರ್ಟೊಗಳನ್ನು ಚಾಂಡೋಸ್ ಲೇಬಲ್ಲಿಗೆ ನುಡಿಸಿದ ಆಸ್ಟ್ರೇಲಿಯಾದ ಜೆಫ್ರಿ ಟೋಜರ್ ಹುಟ್ಟಿದ್ದು ನಮ್ಮ ಮಸ್ಸೂರಿಯಲ್ಲಿ.

'ರಾತ್ರಿಯ ಗಾಳಿ' ಎಂದೇ ಹೆಸರಾದ ಓಪಸ್ 25ರ ಎರಡನೇ ಸೊನಾಟಾವನ್ನು ಹಾಮೆಲಿನ್ ಕೈಯಲ್ಲೇ ಕೇಳುವುದು ಒಳ್ಳೆಯದು. 1910–11ರಲ್ಲಿ ಬರೆದು ರಾಹ್ಮಾನಿನೋವ್‌ಗೆ ಅರ್ಪಿಸಿದ್ದು, ಅರ್ಧ ಗಂಟೆಗೂ ಮಿಕ್ಕಿ ಎಲ್ಲೂ ನಿಲ್ಲದ ಒಂದೇ ಹರಿವು. ಮುಖ್ಯ ಭಾಗ 15/8 ಲಯದಲ್ಲಿದೆ. ಹದಿನೈದನ್ನು ಎಣಿಸಲು ಹೋದರೆ ದಾರಿ ತಪ್ಪುತ್ತದೆ. ತೊಡೆಯ ಮೇಲೆ ಐದು ಏಟು, ಪ್ರತಿ ಏಟಿನೊಳಗೆ ತಿಶ್ರ ಎಂದು ಹಾಕಿಕೊಂಡರೆ ತಾಳ ಕೂರುತ್ತದೆ.

ಸ್ವರಲಿಪಿ ಮುಂದಿಟ್ಟುಕೊಂಡು ಕೇಳುವವರಿಗೆ ಒಂದು ಅನುಕೂಲವಿದೆ. ಭಾರತದಲ್ಲಿ ಹಕ್ಕುಸ್ವಾಮ್ಯ ಕರ್ತೃ ತೀರಿದ 60 ವರ್ಷಕ್ಕೆ ಮುಗಿಯುವುದರಿಂದ ಮೆಡ್ಟ್ನರ್ ರಚನೆಗಳು 2012ರ ಆರಂಭದಿಂದ ಇಲ್ಲಿ ಮುಕ್ತ. ಸ್ವರಲಿಪಿಗಳ ಅಂತರಜಾಲ ಸಂಗ್ರಹವಾದ ಐಎಂಎಸ್‌ಎಲ್‌ಪಿ ತಾಣದಲ್ಲಿ ಹಳೆಯ ಆವೃತ್ತಿಗಳು ಸಿಗುತ್ತವೆ. ಪುಸ್ತಕವೇ ಬೇಕೆಂದರೆ ಡೋವರ್ ಪ್ರಕಾಶನ ಸೊನಾಟಾಗಳನ್ನು ಎರಡು ಸಂಪುಟಗಳಲ್ಲಿ ತಂದಿದೆ. ಪ್ರಿಂಟ್ ತೆಗೆದು ಮುಖ್ಯ ರಾಗ ಯಾವ ಕೈಯಿಂದ ಯಾವ ಕೈಗೆ ದಾಟುತ್ತದೆ ಎಂಬುದನ್ನು ಒಂದು ಬಣ್ಣದ ಪೆನ್ಸಿಲ್ಲಿನಲ್ಲಿ ಎಳೆದಿಟ್ಟುಕೊಳ್ಳಿ. ಸರಸರ ಸದ್ದಿನ ಬಣ್ಣ ತಟ್ಟನೆ ಬದಲಾಗುವ ಜಾಗಗಳನ್ನು ಇನ್ನೊಂದು ಬಣ್ಣದಲ್ಲಿ ಗುರುತು ಹಾಕಿ. ಅಲ್ಲಿ ಒಂದು ಬದಿ ಮುಗಿದು ಹೊಸ ಮೇಣ ಬಂದಿದೆ. ಆ ಗುರುತಿನ ಹಿಂದಿನ ಎರಡು ಸಾಲು, ಮುಂದಿನ ಎರಡು ಸಾಲನ್ನು ಮತ್ತೊಮ್ಮೆ ಹಾಕಿ ಕೇಳಿ, ಗತಿ ಒಂದೇ ಇದೆಯೇ ನೋಡಿ.